ಲಿನಕ್ಸ್‌ನಲ್ಲಿ ಸರಿ ಬರುವ ಲೆಕ್ಕ ವಿಂಡೋಸ್‌ನಲ್ಲಿ ಯಾಕೆ ತಪ್ಪುತ್ತೆ?

ಸಿ ಭಾಷೆಯಲ್ಲಿ ಬರೆದ, ಜಿಎಂಪಿ (ತುಂಬಾ ದೊಡ್ಡ ಸಂಖ್ಯೆಗಳ ಲೆಕ್ಕ ಮಾಡುವ ಲೈಬ್ರರಿ) ಬಳಸುವ ಮುಕ್ತ ಗಣಿತ ಲೈಬ್ರರಿಯನ್ನು 64 ಬಿಟ್ ವಿಂಡೋಸ್‌ಗೆ ತಂದಿದ್ದೀರಿ. ಒಂದು ಎರರ್ ಕೂಡ ಇಲ್ಲದೆ ಕಂಪೈಲ್ ಆಗುತ್ತೆ, ಸಣ್ಣ ಸಂಖ್ಯೆಗಳಿಗೆ ಉತ್ತರ ಸರಿ, ದೊಡ್ಡದಕ್ಕೆ ತಪ್ಪು, ಯಾಕೆ ಅಂತ ನಿಮ್ಮ ಪ್ರಶ್ನೆ. ನನಗೆ ಮೊದಲ ಅನುಮಾನ ಸಿ ಭಾಷೆಯಲ್ಲಿ ಪೂರ್ಣಾಂಕ ಇಡುವ 'ಲಾಂಗ್' ಅನ್ನೋ ವಿಧದ ಮೇಲೆ.

64 ಬಿಟ್ ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ಲಾಂಗ್ ಅಂದರೆ 64 ಬಿಟ್. ವಿಂಡೋಸ್‌ನಲ್ಲಿ ಪಾಯಿಂಟರ್ (ಮೆಮೊರಿಯ ವಿಳಾಸ) 64 ಆದರೂ ಲಾಂಗ್ 32ರಲ್ಲೇ ಉಳಿದಿದೆ. ನನಗೆ ಇದು ಅರ್ಥವಾಗಿದ್ದು 4294967297ರಿಂದ. 2ರ 32ನೇ ಘಾತಕ್ಕೆ 1 ಸೇರಿಸಿದರೆ ಬರುವ ಸಂಖ್ಯೆ ಇದು. ಅವಿಭಾಜ್ಯ ಅಂತ ಫರ್ಮಾ ನಂಬಿದ್ದರು, 641 ಇದನ್ನು ಭಾಗಿಸುತ್ತೆ ಅಂತ ಆಯ್ಲರ್ 1732ರಲ್ಲಿ ತೋರಿಸಿದರು. ಲಿನಕ್ಸ್‌ನಲ್ಲಿ 641 × 6700417 ಅಂತ ಕೊಡುತ್ತಿದ್ದ ನನ್ನ ಪ್ರೋಗ್ರಾಂ ವಿಂಡೋಸ್‌ನಲ್ಲಿ ಬರೀ 1 ಅಂದಿತು. ಮೇಲಿನ ಬಿಟ್‌ಗಳೆಲ್ಲ ಕತ್ತರಿಸಿಹೋದರೆ ಉಳಿಯೋದು ಆ ಒಂದೇ ತಾನೆ! ಎರಡು ರಾತ್ರಿ ನಾನು ಅಪವರ್ತನದ ಕೋಡನ್ನೇ ಜಾಲಾಡಿದ್ದೆ, ಅದರಲ್ಲಿ ಏನೂ ತಪ್ಪಿರಲಿಲ್ಲ.

ನಿಮ್ಮಲ್ಲೂ ಇದೇ ತೊಂದರೆಯಾ ಅಂತ ತಿಳಿಯೋಕೆ ಸುಲಭ ದಾರಿ ಇದೆ. ವಿಂಡೋಸ್ ಮೇಲೆ ಲಿನಕ್ಸ್ ಥರದ ವಾತಾವರಣ ಕೊಡುವ 64 ಬಿಟ್ ಸಿಗ್ವಿನ್‌ನಲ್ಲಿ ಲಾಂಗ್ 64 ಬಿಟ್ಟೇ. ಅದೇ ಕೋಡನ್ನು ಅಲ್ಲೂ ಕಟ್ಟಿ, ನೇರ ವಿಂಡೋಸ್ ಪ್ರೋಗ್ರಾಂ ಕೊಡುವ ಮಿಂಗ್‌ಡಬ್ಲ್ಯೂದಲ್ಲೂ ಕಟ್ಟಿ. ಮೊದಲನೆಯದು ಸರಿಯಾಗಿ, ಎರಡನೆಯದು ತಪ್ಪಿದರೆ ಹೆಚ್ಚುಕಮ್ಮಿ ಕಳ್ಳ ಸಿಕ್ಕ ಹಾಗೆ.

ಆಮೇಲೆ ಸಂಖ್ಯೆ ಇಡುವ ಕಡೆಯೆಲ್ಲ ಎಲ್ಲೆಡೆ 64 ಬಿಟ್ಟೇ ಆಗಿರುವ ಇಂಟ್64_ಟಿ, ವಿಳಾಸ ಇಡುವ ಕಡೆ ಇಂಟ್‌ಪಿಟಿಆರ್_ಟಿ ಹಾಕಿ. ಪ್ರಿಂಟ್‌ಎಫ್‌ನ ಫಾರ್ಮ್ಯಾಟ್‌ಗಳನ್ನೂ, 1ಯುಎಲ್ (ಅಂದರೆ ಅನ್‌ಸೈನ್ಡ್ ಲಾಂಗ್) ಅಂತ ಬರೆದ ಸ್ಥಿರಾಂಕಗಳನ್ನೂ ಬಿಡಬೇಡಿ. ಇಷ್ಟು ಮಾಡಿದ ಮೇಲೂ ಒಂದು ಹೊಂಡ ಉಳಿಯುತ್ತೆ, ಬಹಳ ಜನ ಬೀಳೋದು ಅಲ್ಲೇ: ಜಿಎಂಪಿಯ ಸಂಖ್ಯೆಗೆ ಬೆಲೆ ತುಂಬುವ ಎಂಪಿಝಡ್_ಸೆಟ್_ಯುಐ ತೆಗೆದುಕೊಳ್ಳೋದು ಅನ್‌ಸೈನ್ಡ್ ಲಾಂಗ್. ನೀವು 64 ಬಿಟ್ ಕೊಟ್ಟರೂ ವಿಂಡೋಸ್‌ನಲ್ಲಿ ಅದು ಅರ್ಧವನ್ನು ಸದ್ದಿಲ್ಲದೆ ಎಸೆಯುತ್ತೆ. ಅಲ್ಲಿ ಎಂಪಿಝಡ್_ಇಂಪೋರ್ಟ್ ಬಳಸಿ.

ಸಂಖ್ಯಾಸಿದ್ಧಾಂತದ ತಂತ್ರಾಂಶ ಪಾರಿ/ಜಿಪಿಯ ತಂಡ ಬೇರೆ ದಾರಿ ಹಿಡಿದಿದೆ. ಅವರ ಪ್ರತಿ ವಸ್ತುವೂ ಲಾಂಗ್‌ಗಳ ಸಾಲು, ಪಾಯಿಂಟರ್‌ಗಳೂ ಅದರೊಳಗೇ ಕೂರುತ್ತವೆ. ಹಾಗಾಗಿ 64 ಬಿಟ್ ವಿಂಡೋಸ್‌ಗೆ ಹೆಡರ್‌ನಲ್ಲೇ ಒಂದು ಮ್ಯಾಕ್ರೋ ಹಾಕಿ ಲಾಂಗ್ ಅನ್ನೋ ಪದವನ್ನು 64 ಬಿಟ್ಟಿನ ಲಾಂಗ್ ಲಾಂಗ್ ಮಾಡಿಬಿಟ್ಟರು. ಅಷ್ಟು ದೊಡ್ಡ ಹಳೆಯ ಕೋಡಿಗೆ ಅದು ಸರಿ. ನಿಮ್ಮದು ಚಿಕ್ಕದಾಗಿದ್ದರೆ ಒಂದೊಂದಾಗಿ ತಿದ್ದೋದೇ ಒಳ್ಳೆಯದು, ಯಾಕಂದರೆ ಆ ಮ್ಯಾಕ್ರೋ ಬೇರೆಯವರ ಹೆಡರ್‌ಗಳ ಒಳಗೂ ನುಗ್ಗುತ್ತೆ.

ಇನ್ನು ಓಡುತ್ತಿರುವ ಪ್ರೋಗ್ರಾಂನ ನಕಲು ಮಾಡುವ ಫೋರ್ಕ್ ಬಳಸಿದ್ದರೆ ಆ ಭಾಗ ಹೊಸದಾಗಿ ಬರೆಯಬೇಕು, ವಿಂಡೋಸ್‌ನಲ್ಲಿ ಅದು ಇಲ್ಲ.

ಬಳಕೆದಾರರು ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಹಾಕಿಕೊಳ್ಳಬಲ್ಲವರಾದರೆ ಇಷ್ಟೆಲ್ಲ ಬೇಕಿಲ್ಲ. ಸೇಜ್‌ಮ್ಯಾತ್ ಅನ್ನೋ ಮುಕ್ತ ಗಣಿತ ತಂತ್ರಾಂಶ ಕೂಡ ವರ್ಚುವಲ್ ಮೆಷಿನ್, ಸಿಗ್ವಿನ್ ಎಲ್ಲ ದಾಟಿ ಈಗ ಅದನ್ನೇ ಸೂಚಿಸುತ್ತೆ. ಆದರೆ ಅಡ್ಮಿನ್ ಪಾಸ್‌ವರ್ಡ್ ಇಲ್ಲದ ಕಾಲೇಜ್ ಲ್ಯಾಬಿನಲ್ಲಿ ಕೂತ ವಿದ್ಯಾರ್ಥಿಗೆ ಡಬಲ್ ಕ್ಲಿಕ್ ಮಾಡಿದರೆ ತೆರೆಯುವ ಒಂದು ಇಎಕ್ಸ್‌ಇ ಫೈಲೇ ಬೇಕು. ನಿಮ್ಮ ಬಳಕೆದಾರರು ಅಂಥವರಾದರೆ ದಯವಿಟ್ಟು ಈ ಕೆಲಸ ಬಿಡಬೇಡಿ. ತಿದ್ದಿದ್ದನ್ನು ಮೂಲ ಯೋಜನೆಗೆ ಕಳಿಸಿ, ಜೊತೆಗೆ 4294967297ರ ಒಂದು ಟೆಸ್ಟ್ ಕೂಡ ಸೇರಿಸಿ.