ಒಂದೇ ಪ್ಲಾಟ್‌ಫಾರ್ಮ್ ಮೇಲೆ ಹಲವು ಉತ್ಪನ್ನಗಳನ್ನು ಹೇಗೆ ವಿನ್ಯಾಸ ಮಾಡುತ್ತಾರೆ?

ಪ್ಲಾಟ್‌ಫಾರ್ಮ್ ಅಂದರೆ ಹಲವು ಮಾದರಿಗಳು ಹಂಚಿಕೊಳ್ಳುವ ಮೂಲ ಭಾಗಗಳು ಮತ್ತು ಅಳತೆಗಳು. ಯಾವುದು ಎಲ್ಲ ಮಾದರಿಗಳಲ್ಲೂ ಹಾಗೇ ಇರಬೇಕು, ಯಾವುದು ಬದಲಾಗಬಹುದು ಅಂತ ಮೊದಲೇ ಗೆರೆ ಎಳೆಯೋದೇ ಇಲ್ಲಿ ಮುಖ್ಯ ಕೆಲಸ. ಹೊರಮೈ ಬದಲಿಸಿ ಹೊಸ ಹೆಸರಿಡೋದಲ್ಲ.

ನನಗೆ ತುಂಬ ಇಷ್ಟವಾದ ಉದಾಹರಣೆ ವಿದ್ಯುತ್ ಉಪಕರಣ ತಯಾರಿಸುವ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ. 1970ರ ದಶಕದಲ್ಲಿ ಶಾಕ್ ಹೊಡೆಯದಂತೆ ತಮ್ಮ ಉಪಕರಣಗಳಿಗೆ ಎರಡು ಪದರದ ಇನ್ಸುಲೇಷನ್ ಕೊಡಬೇಕಾಗಿ ಬಂತು. ಡ್ರಿಲ್, ಗರಗಸ, ಸ್ಯಾಂಡರ್ ಎಲ್ಲಕ್ಕೂ ಬೇರೆ ಬೇರೆ ಮೋಟಾರು. ಒಂದೊಂದನ್ನೇ ತಿದ್ದುತ್ತ ಕೂರದೆ ಇಡೀ ಮೋಟಾರು ಕುಟುಂಬವನ್ನೇ ಹೊಸದಾಗಿ ವಿನ್ಯಾಸ ಮಾಡಿದರು. ಮೋಟಾರು ಬಿಚ್ಚಿ ನೋಡಿದರೆ ಒಳಗೆ ತೆಳ್ಳನೆಯ ಉಕ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ, ತಟ್ಟೆಯಲ್ಲಿ ದೋಸೆ ಪೇರಿಸಿದ ಹಾಗೆ. ಬಿಲ್ಲೆಯ ವ್ಯಾಸ ಎಲ್ಲ ಮೋಟಾರಿಗೂ ಒಂದೇ. ಶಕ್ತಿ ಹೆಚ್ಚು ಬೇಕೆಂದರೆ ಇನ್ನಷ್ಟು ಬಿಲ್ಲೆ ಪೇರಿಸಿ, ಅದಕ್ಕೆ ತಕ್ಕಂತೆ ತಂತಿ ಸುತ್ತಿದರಾಯಿತು. ಉದ್ದ ಮಾತ್ರ ಬೆಳೆಯುತ್ತದೆ. ಹಾಗಾಗಿ 60 ವ್ಯಾಟ್‌ನಿಂದ 650 ವ್ಯಾಟ್‌ವರೆಗಿನ ಮೋಟಾರುಗಳನ್ನು ಅವೇ ಯಂತ್ರಗಳಲ್ಲಿ ಮಾಡಲು ಸಾಧ್ಯವಾಯಿತು. ಎಷ್ಟು ಸರಳ, ಎಷ್ಟು ಚೆಂದ ನೋಡಿ!

2012ರಲ್ಲಿ ಬಂದ ಫೋಕ್ಸ್‌ವ್ಯಾಗನ್‌ನ ಎಂಕ್ಯೂಬಿ ಎಂಬ ಕಾರು ಪ್ಲಾಟ್‌ಫಾರ್ಮ್ ಕೂಡ ಇದೇ ದಾರಿಯದು: ಮುಂದಿನ ಆಕ್ಸಲ್‌ನಿಂದ ಪೆಡಲ್‌ವರೆಗಿನ ಅಂತರ ಸ್ಥಿರ, ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ಮತ್ತು ಅಗಲ ಕಾರಿಗೆ ತಕ್ಕಂತೆ.

ಆದರೆ ಇದಕ್ಕೆ ಬೆಲೆ ತೆರಲೇಬೇಕು. ಎಲ್ಲರೂ ಹಂಚಿಕೊಳ್ಳುವ ಭಾಗವನ್ನು ಅತಿ ಹೆಚ್ಚು ಭಾರ ಬೀಳುವ ಮಾದರಿಯ ಲೆಕ್ಕಕ್ಕೆ ಮಾಡಬೇಕಾಗುತ್ತದೆ, ಆ ಹೆಚ್ಚುವರಿ ತೂಕವನ್ನು ಚಿಕ್ಕ ಮಾದರಿ ಸುಮ್ಮನೆ ಹೊರುತ್ತದೆ. ಆ ಭಾಗದಲ್ಲೇ ದೋಷ ಕಂಡರಂತೂ ಎಲ್ಲ ಮಾದರಿಗಳನ್ನೂ ಒಟ್ಟಿಗೆ ವಾಪಸ್ ಕರೆಯಬೇಕಾಗುತ್ತದೆ.