ನೀವು ಕೇಳಿದ ಬಲೂನಿನ ಸಿನಿಮಾ ‘ನೈಟ್ ಕ್ರಾಸಿಂಗ್’

ಚಿಕ್ಕಮಗಳೂರಿನಲ್ಲಿ ಓದುವಾಗ ಬಾಡಿಗೆ ಕ್ಯಾಸೆಟ್‌ನಲ್ಲಿ ನೋಡಿದ್ದು, ಮನೆಯಲ್ಲೇ ಬಲೂನು ಹೊಲಿದು ದೇಶ ಬಿಟ್ಟು ತಪ್ಪಿಸಿಕೊಳ್ಳುವ ಕುಟುಂಬದ ಕಥೆ, ಹೆಸರೇನು ಎಂದು ಕೇಳಿದ್ದೀರಿ. ಅದು 1982ರ ‘ನೈಟ್ ಕ್ರಾಸಿಂಗ್’. ಡಿಸ್ನಿಯವರದ್ದು. ಜಾನ್ ಹರ್ಟ್, ಬೋ ಬ್ರಿಡ್ಜಸ್ ಇದ್ದಾರೆ. ಮತ್ತೆ ಹೌದು, ನಡೆದ ಕಥೆಯೇ.

ಜನ ದೇಶ ಬಿಟ್ಟು ಹೋಗಲು ಬಿಡದಿದ್ದ ಕಮ್ಯುನಿಸ್ಟ್ ಪೂರ್ವ ಜರ್ಮನಿಯ ಎರಡು ಕುಟುಂಬ, ಸ್ಟ್ರೆಲ್ಟ್ಸಿಕ್ ಮತ್ತು ವೆಟ್ಸೆಲ್. 1979ರ ಜುಲೈನಲ್ಲಿ ಸ್ಟ್ರೆಲ್ಟ್ಸಿಕ್ ಮನೆಯವರು ಮಾತ್ರ ಹಾರಿದರು. ಗಡಿ ಇನ್ನು 200 ಮೀಟರ್ ಕೂಡ ಇಲ್ಲ ಅನ್ನುವಾಗ ಕೆಳಗಿಳಿದುಬಿಟ್ಟರು. ಆ ಬಲೂನು ಪೊಲೀಸರ ಕೈಗೆ ಸಿಕ್ಕಿತು. ಆಮೇಲೆ ಯಾವ ಗಳಿಗೆಯಲ್ಲಿ ಬಾಗಿಲು ಬಡಿಯುತ್ತಾರೋ ಅನ್ನುವ ಭಯ. ಮತ್ತೆ ಹೊಸ ಬಲೂನು ಹೊಲಿದು, ಸೆಪ್ಟೆಂಬರ್ 16ರ ನಸುಕಿನಲ್ಲಿ ಎರಡೂ ಕುಟುಂಬದವರು, ನಾಲ್ಕು ಮಕ್ಕಳೂ ಸೇರಿ ಎಂಟು ಜನ ಹಾರಿ, ಅರ್ಧ ಗಂಟೆಯೊಳಗೆ ಪಶ್ಚಿಮ ಜರ್ಮನಿಯ ಬವೇರಿಯಾದಲ್ಲಿ ನೈಲಾ ಊರಿನ ಹತ್ತಿರ ಇಳಿದರು.

ಹಾಸನದಲ್ಲಿ ನಮ್ಮದು ಟೈಲರ್ ಅಂಗಡಿ. ಹಾಗಾಗಿ ನನ್ನ ಕಣ್ಣು ಹೋಗುವುದೇ ಹೊಲಿಗೆಯ ಮೇಲೆ. ಆ ಕೊನೆಯ ಬಲೂನಿಗೆ 1,200 ಚದರ ಮೀಟರಿಗಿಂತ ಜಾಸ್ತಿ ಬಟ್ಟೆ! ಒಂದೇ ಕಡೆ ಕೊಂಡರೆ ಅನುಮಾನ ಬರುತ್ತೆ ಅಲ್ವಾ, ಅದಕ್ಕೇ ಊರೂರು ಅಲೆದು ಬೇರೆ ಬೇರೆ ಬಣ್ಣದ್ದು ತಂದರು. ಜುಲೈಗೂ ಮುಂಚೆ ಹೊಲಿದ ಮೊದಲ ಬಲೂನಿನ ಕಾಟನ್ ಗಾಳಿ ಹಿಡಿದಿಡಲಿಲ್ಲ, ಟಫೆಟಾ ಅನ್ನುವ ಒತ್ತು ನೇಯ್ಗೆಯ ನುಣುಪು ಬಟ್ಟೆಗೆ ಬದಲಾಯಿಸಿದರು. ಟಫೆಟಾ ಮಿಷಿನ್ ಕೆಳಗೆ ಜಾರುತ್ತಲೇ ಇರುತ್ತದೆ. ಎರಡು ಅಂಚು ಸಮ ಹಿಡಿದು ಉದ್ದಕ್ಕೆ ಹೊಲಿಗೆ ಹಾಕುವುದು ಸುಮ್ನೆ ಮಾತಲ್ಲ.

2018ರಲ್ಲಿ ಇದೇ ಘಟನೆಯ ಮೇಲೆ ಜರ್ಮನ್ ಸಿನಿಮಾವೂ ಬಂದಿದೆ. ನನಗೆ ಹಳೆಯದೇ ಇಷ್ಟ. ಮಕ್ಕಳ ಜೊತೆ ನೋಡುವುದಾದರೆ, ಶುರುವಿನಲ್ಲೇ ಗಡಿಯಲ್ಲಿ ಹುಡುಗನೊಬ್ಬ ಗುಂಡಿಗೆ ಬಲಿಯಾಗುವ ದೃಶ್ಯವಿದೆ, ಗಮನದಲ್ಲಿರಲಿ.