ಉಂಡ ಮನೆ ಯಾವುದು, ಹುಟ್ಟಿದ ಮನೆ ಯಾವುದು?

ಚಿತ್ರದುರ್ಗದಿಂದ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ರೋಮನ್ನರ ವೈರಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ ಜರ್ಮನ್ ನಾಯಕ ಆರ್ಮಿನಿಯಸ್‌ನನ್ನು ‘ಉಂಡ ಮನೆಗೆ ಎರಡು ಬಗೆದವನು’ ಎಂದಿದ್ದೆವು. ಅದು ಅವರಿಗೆ ಸರಿಬಂದಿಲ್ಲ. “ತನ್ನ ನೆಲಕ್ಕಾಗಿ ಹೊಡೆದಾಡಿದವನು ದ್ರೋಹಿ ಹೇಗಾಗುತ್ತಾನೆ? ಹ್ಯಾನಿಬಲ್‌ಗೆ ಎರಡು ಪುಟ, ಇವನಿಗೆ ನಾಲ್ಕೇ ಸಾಲು, ಇದ್ಯಾವ ನ್ಯಾಯ? ಇವನ ಹೆಂಡತಿ ಮಕ್ಕಳ ಕತೆ ಏನಾಯಿತು?” ಎಂದು ಮೂರು ಪ್ರಶ್ನೆ ಹಾಕಿದ್ದಾರೆ.

ಮೇಷ್ಟ್ರೇ, ನಮಸ್ಕಾರ.

ಎರಡನೆಯ ಪ್ರಶ್ನೆಗೆ ಮೊದಲು ತಪ್ಪೊಪ್ಪಿಗೆ. ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಜೊತೆ ಆನೆಗಳಿದ್ದವು. ಆನೆ ಬಂದ ಕಡೆ ಪುಟ ಜಾಸ್ತಿ ಹೋಗುತ್ತದೆ, ಚಿತ್ರವೂ ಚೆನ್ನಾಗಿ ಬರುತ್ತದೆ! ಆದರೆ ಕೊನೆಗೆ ಉಳಿದದ್ದೇನು ಅಂತ ನೋಡಿದರೆ ನಿಮ್ಮ ಮಾತೇ ಸರಿ. ಕ್ರಿ.ಪೂ. 216ರಲ್ಲಿ ಇಟಲಿಯ ಕ್ಯಾನೆಯಲ್ಲಿ ಹ್ಯಾನಿಬಲ್ ಒಂದೇ ದಿನ ಸುಮಾರು 50 ಸಾವಿರ ಜನರನ್ನು ಕೆಡವಿದ. ರೋಮ್ ಮತ್ತೆ ಸೈನ್ಯ ಕಟ್ಟಿತು. 202ರಲ್ಲಿ ಅವನನ್ನೇ ಸೋಲಿಸಿತು. ಗಾಲ್ ನಾಡಿನ (ಇವತ್ತಿನ ಫ್ರಾನ್ಸ್ ಕಡೆಯ) ನಾಯಕ ವರ್ಸಿಂಜೆಟೊರಿಕ್ಸ್ ಸೀಜರ್‌ಗೆ ಶರಣಾಗಿ, ಆರು ವರ್ಷ ಸೆರೆಯಲ್ಲಿದ್ದು ಸತ್ತ. ಬ್ರಿಟನ್ನಿನ ರಾಣಿ ಬೌಡಿಕಾ ಲಂಡನ್ ಸೇರಿ ಮೂರು ಊರು ಸುಟ್ಟಳು. ಆದರೂ ರೋಮನ್ನರು ಆಮೇಲೆ ಮುನ್ನೂರು ವರ್ಷಕ್ಕೂ ಹೆಚ್ಚು ಅಲ್ಲೇ ಕೂತರು. ಆರ್ಮಿನಿಯಸ್ ವಿಷಯ ಬೇರೆ. ಅವನ ಹೊಡೆತದ ನಂತರ, ರೈನ್ ಮತ್ತು ಎಲ್ಬ್ ನದಿಗಳ ನಡುವಿನ ನಾಡನ್ನು ತಮ್ಮ ಪ್ರಾಂತ್ಯ ಮಾಡಿಕೊಳ್ಳುವ ಆಸೆಯನ್ನು ರೋಮನ್ನರು ಕೊನೆಗೂ ಬಿಟ್ಟರು.

ಇನ್ನು ಆ ಗಾದೆಯ ಮಾತು. ಅದನ್ನು ಪೂರ್ತಿ ವಾಪಸ್ ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ. ಯಾಕೆಂದರೆ ಇಲ್ಲಿ ಅದು ಅಕ್ಷರಶಃ ನಿಜ. ಆರ್ಮಿನಿಯಸ್ ಚೆರುಸ್ಕಿ ಎಂಬ ಬುಡಕಟ್ಟಿನ ಮುಖಂಡನ ಮಗ. ರೋಮನ್ ಸೈನ್ಯದಲ್ಲಿ ತನ್ನವರ ತುಕಡಿಗೆ ನಾಯಕನಾಗಿದ್ದ. ರೋಮನ್ ಪೌರತ್ವವಿತ್ತು, ಅಲ್ಲಿನ ಕುಲೀನರ ಅಂತಸ್ತೂ ಸಿಕ್ಕಿತ್ತು. ಜರ್ಮನ್ ನಾಡಿಗೆ ಅಧಿಕಾರಿಯಾಗಿ ಬಂದ ವಾರುಸ್‌ನ ಪಂಕ್ತಿಯಲ್ಲಿ ದಿನವೂ ಎಂಬಷ್ಟು ಕೂತು ಉಂಡವನು. ಹಾಗೆ ಉಣ್ಣುತ್ತಲೇ ಒಳಗೊಳಗೆ ಬುಡಕಟ್ಟುಗಳನ್ನು ಒಗ್ಗೂಡಿಸಿದ.

ವಾರುಸ್ ಹಿಂದೆ ಸಿರಿಯಾದಲ್ಲಿ ಆಡಳಿತ ಮಾಡಿ ಬಂದವನು. ಇಲ್ಲಿಯೂ ಅದೇ ದರ್ಪದಲ್ಲಿ ಕಂದಾಯ ಎತ್ತಲು ಹೊರಟ. ಕಾಡಿನ ಜನಕ್ಕೆ ಅದು ಹೊಸ ಸಂಕಟ. ಕೊನೆಯ ಔತಣದ ದಿನ ಸೆಗೆಸ್ಟೆಸ್ ಎಂಬ ಚೆರುಸ್ಕಿ ಹಿರಿಯನೇ ವಾರುಸ್‌ಗೆ ಎಚ್ಚರಿಕೆ ಕೊಟ್ಟ: ನನ್ನನ್ನೂ ಸೇರಿಸಿ ಎಲ್ಲ ಮುಖಂಡರನ್ನು ಕಟ್ಟಿಹಾಕಿ, ತಪ್ಪು ಯಾರದು ಅಂತ ಆಮೇಲೆ ವಿಚಾರಣೆ ಮಾಡಿ ಎಂದ. ವಾರುಸ್ ನಂಬಲಿಲ್ಲ.

ಕ್ರಿ.ಶ. 9ರ ಶರತ್ಕಾಲ. ಎಲ್ಲೋ ದಂಗೆ ಎದ್ದಿದೆ ಎಂಬ ಸುಳ್ಳು ಸುದ್ದಿ ನಂಬಿ ವಾರುಸ್ ಮೂರು ಲೀಜನ್ (ರೋಮನ್ನರ ದೊಡ್ಡ ದಳ) ಸೈನ್ಯವನ್ನು ಕಾಡುದಾರಿಗೆ ಇಳಿಸಿದ. ಜೊತೆಗೆ ಸಾಮಾನಿನ ಗಾಡಿಗಳು, ಹೆಂಗಸರು, ಮಕ್ಕಳು. ಮಳೆ ಬೇರೆ. ಬಯಲಿನಲ್ಲಿ ಸಾಲುಗಟ್ಟಿ ನಿಂತರೆ ರೋಮನ್ ಸೈನ್ಯವನ್ನು ಅಲುಗಾಡಿಸುವುದು ಕಷ್ಟ ಅಂತ ಆರ್ಮಿನಿಯಸ್‌ಗೆ ಗೊತ್ತಿತ್ತು. ಅದೇ ಸೈನ್ಯದಲ್ಲಿ ಕಲಿತವನಲ್ವಾ? ಹಾಗಾಗಿ ಸಾಲುಗಟ್ಟಲು ಜಾಗವೇ ಇಲ್ಲದ ಕಡೆ ಹಿಡಿದ. ಹದಿನೈದು ಸಾವಿರಕ್ಕೂ ಹೆಚ್ಚು ಜನ ಸತ್ತರು. ವಾರುಸ್ ತನ್ನ ಕತ್ತಿಯ ಮೇಲೆ ತಾನೇ ಬಿದ್ದ. ಚಕ್ರವರ್ತಿ ಅಗಸ್ಟಸ್ ತಿಂಗಳುಗಟ್ಟಲೆ ಗಡ್ಡ ಬಿಟ್ಟು, ಬಾಗಿಲಿಗೆ ತಲೆ ಚಚ್ಚಿಕೊಂಡು, “ವಾರುಸ್, ನನ್ನ ಸೈನ್ಯ ವಾಪಸ್ ಕೊಡು” ಅಂತ ಕೂಗುತ್ತಿದ್ದನಂತೆ. 17, 18, 19 ಎಂಬ ಆ ದಳಗಳ ಸಂಖ್ಯೆಯನ್ನು ರೋಮ್ ಮತ್ತೆ ಬಳಸಲಿಲ್ಲ.

ಇಲ್ಲಿ ನಿಮ್ಮೂರಿನ ವಿಷಯ ಒಂದು ಹೇಳಬೇಕು. ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳು ಇದೇ ಅಗಸ್ಟಸ್‌ನವು, ಅವನ ನಂತರ ಬಂದ ಟೈಬೀರಿಯಸ್‌ನವು. ಆ ಯುದ್ಧದ ಜಾಗದ ಗುರುತು ಹತ್ತಿದ್ದೂ ನಾಣ್ಯದಿಂದಲೇ. 1987ರಲ್ಲಿ ಬ್ರಿಟಿಷ್ ಸೇನಾಧಿಕಾರಿಯೊಬ್ಬರು ಲೋಹಶೋಧಕ ಹಿಡಿದು ಜರ್ಮನಿಯ ಓಸ್ನಾಬ್ರೂಕ್ ಹತ್ತಿರದ ಕಾಲ್ಕ್ರೀಸೆಯಲ್ಲಿ ಹುಡುಕಿದಾಗ ಸಿಕ್ಕಿದವು ಅಗಸ್ಟಸ್ ಕಾಲದ ನಾಣ್ಯಗಳು. ಆಮೇಲೆ ಅಲ್ಲಿ ವಾರುಸ್ ಹೆಸರಿನ ಮುದ್ರೆ ಬಿದ್ದ ತಾಮ್ರದ ಕಾಸುಗಳೂ, ಸವಾರನೊಬ್ಬನ ಕಬ್ಬಿಣದ ಮುಖವಾಡವೂ ಸಿಕ್ಕವು.

ಸರಿ, ದ್ರೋಹಿ ಯಾರು? ನನ್ನನ್ನು ಕೇಳಿದರೆ, ಆ ಮನೆಯಲ್ಲಿ ಎಲ್ಲರೂ ಎರಡೆರಡು ಮನೆಯಲ್ಲಿ ಉಂಡವರೇ. ಆರ್ಮಿನಿಯಸ್‌ನ ತಮ್ಮ ಫ್ಲಾವುಸ್ ಕೊನೆಯವರೆಗೂ ರೋಮ್ ಕಡೆಯೇ ಇದ್ದ, ಅವರಿಗಾಗಿ ಹೋರಾಡಿ ಒಂದು ಕಣ್ಣು ಕಳೆದುಕೊಂಡ. ಕ್ರಿ.ಶ. 16ರಲ್ಲಿ ವೇಸರ್ ನದಿಯ ಆಚೆ ದಡದಲ್ಲಿ ಅಣ್ಣ, ಈಚೆ ದಡದಲ್ಲಿ ತಮ್ಮ. ಕಣ್ಣಿಗೆ ಬದಲಾಗಿ ಏನು ಕೊಟ್ಟರು ಅಂತ ಅಣ್ಣ ಕೇಳಿದ. ಸಂಬಳ ಹೆಚ್ಚಿಸಿದರು, ಕೊರಳ ಹಾರ ಕೊಟ್ಟರು, ಕಿರೀಟ ಕೊಟ್ಟರು ಅಂದ ತಮ್ಮ. ಗುಲಾಮಗಿರಿಗೆ ಇಷ್ಟು ಅಗ್ಗದ ಬೆಲೆಯಾ ಅಂತ ಅಣ್ಣ ನಕ್ಕ. ಮಾತು ಬೈಗುಳಕ್ಕೆ ತಿರುಗಿತು, ನದಿ ಅಡ್ಡ ಇದ್ದರೂ ಹೊಡೆದಾಟಕ್ಕೇ ಹೊರಟರು, ರೋಮನ್ ಅಧಿಕಾರಿಯೊಬ್ಬ ಓಡಿಬಂದು ತಮ್ಮನನ್ನು ತಡೆದ. ಇದನ್ನು ಬರೆದ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಇನ್ನೊಂದು ಮಾತು ಸೇರಿಸುತ್ತಾನೆ: ಆರ್ಮಿನಿಯಸ್‌ನ ಆ ಕೂಗಾಟದಲ್ಲಿ ನಡುನಡುವೆ ಲ್ಯಾಟಿನ್ ಪದಗಳೇ ಬರುತ್ತಿದ್ದವಂತೆ. ಕೋಪ ಬಂದಾಗ ಬಾಯಿಗೆ ಬರುವ ಭಾಷೆ ಯಾವುದು ಅಂತ ನಿಮಗೆ ಹೇಳಬೇಕೇ ಮೇಷ್ಟ್ರೇ? ಅವನೊಳಗೆ ರೋಮ್ ಅಷ್ಟು ಇಳಿದಿತ್ತು.

ಅವನನ್ನು ವಿಷ ಹಾಕಿ ಕೊಲ್ಲುತ್ತೇನೆ ಎಂದು ಜರ್ಮನ್ ಮುಖಂಡನೊಬ್ಬ ರೋಮ್‌ಗೆ ಪತ್ರ ಬರೆದ. ನಾವು ಕದ್ದು ಕೊಲ್ಲುವವರಲ್ಲ, ಎದುರಿಗೇ ಸೇಡು ತೀರಿಸಿಕೊಳ್ಳುವವರು ಎಂದು ಉತ್ತರ ಹೋಯಿತು. ಓದಿದಾಗ ನಗು ಬರುತ್ತದೆ. ಇವತ್ತಿನ ಪೋರ್ಚುಗಲ್ ಕಡೆಯ ವೀರ ವಿರಿಯಾಥಸ್‌ನನ್ನು ಕ್ರಿ.ಪೂ. 139ರಲ್ಲಿ ಮಲಗಿದ್ದಾಗ ಅವನ ಗೆಳೆಯರೇ ಕೊಂದದ್ದು ರೋಮನ್ ಸೇನಾಪತಿಯ ಆಮಿಷಕ್ಕೆ! ಆರ್ಮಿನಿಯಸ್‌ಗೆ ಮಾತ್ರ ಆಮಿಷವೂ ಬೇಕಾಗಲಿಲ್ಲ. ರಾಜನಾಗಲು ಹೊರಟಿದ್ದಾನೆ ಎಂದು ಅವನ ನೆಂಟರೇ ಕೊಂದರು. ಆಗ ವಯಸ್ಸು 37.

ಇನ್ನು ಹೆಂಡತಿ. ಅವಳ ಹೆಸರು ತುಸ್ನೆಲ್ಡಾ. ಔತಣದಲ್ಲಿ ಎಚ್ಚರಿಸಿದ ಸೆಗೆಸ್ಟೆಸ್‌ನ ಮಗಳು. ಅಪ್ಪ ಬೇರೆಯವನಿಗೆ ಕೊಡಬೇಕೆಂದಿದ್ದಾಗ ಆರ್ಮಿನಿಯಸ್ ಅವಳನ್ನು ಹಾರಿಸಿಕೊಂಡು ಹೋಗಿದ್ದ. ಕ್ರಿ.ಶ. 15ರಲ್ಲಿ ಅವಳು ಬಸುರಿಯಾಗಿದ್ದಾಗ ಆ ಅಪ್ಪನೇ ಅವಳನ್ನು ರೋಮನ್ ಸೇನಾಪತಿ ಜರ್ಮಾನಿಕಸ್‌ನ ಕೈಗೆ ಒಪ್ಪಿಸಿದ. ಎರಡು ವರ್ಷದ ನಂತರ ರೋಮ್ ನಗರದ ವಿಜಯೋತ್ಸವದಲ್ಲಿ ಅವಳನ್ನೂ ಪುಟ್ಟ ಮಗ ತುಮೆಲಿಕಸ್‌ನನ್ನೂ ಸೆರೆಯಾಳುಗಳಾಗಿ ಮೆರವಣಿಗೆ ಮಾಡಿದರು. ಗೌರವದ ಅತಿಥಿಯಾಗಿ ಸೆಗೆಸ್ಟೆಸ್ ಅದನ್ನು ನೋಡುತ್ತಿದ್ದ. ಹುಡುಗ ರವೆನ್ನಾದಲ್ಲಿ ಬೆಳೆದ. ಮುಂದೆ ಅವನಿಗಾದ ಅವಮಾನವನ್ನು ಸಮಯ ಬಂದಾಗ ಹೇಳುತ್ತೇನೆ ಎಂದು ಟ್ಯಾಸಿಟಸ್ ಬರೆದಿದ್ದಾನೆ. ಅವನ ಇತಿಹಾಸದಲ್ಲಿ ಇವತ್ತು ಉಳಿದಿರುವ ಭಾಗಗಳಲ್ಲಿ ಆ ಕತೆ ಇಲ್ಲ.

— ಸಂಪಾದಕ